ಪೇಜ್‌ಮೇಕರ್, ಲೋಟಸ್, ಹಳೇ ನುಡಿ ಕಾಲದ ಫೈಲುಗಳನ್ನು ಮತ್ತೆ ತೆರೆಯುವುದು ಹೇಗೆ?

ಊರ ದೇವಸ್ಥಾನದ ಸ್ಮರಣ ಸಂಚಿಕೆ, ಸಹಕಾರ ಸಂಘದ ಬೈಲಾ, ಅಜ್ಜ ಹೇಳಿ ಬರೆಸಿದ ವಂಶಾವಳಿ, ಸಕಲೇಶಪುರದ ಕಾಫಿ ತೋಟದ ಮಳೆ ಲೆಕ್ಕ, ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರದಲ್ಲಿ ಓದುವಾಗ ಟೈಪ್ ಮಾಡಿಸಿದ ಪ್ರಬಂಧ. ಇಂಥವು ಹಾಸನದ ಡಿಟಿಪಿ ಅಂಗಡಿಗಳಲ್ಲಿ ರಾಶಿ ರಾಶಿ ತಯಾರಾಗಿವೆ. ಕಾಗದದ ಪ್ರತಿ ಎಲ್ಲೋ ಕಳೆದಿರುತ್ತದೆ. ಉಳಿದಿರುವುದು ಒಂದು ಸಿಡಿ, ಒಂದು ಫ್ಲಾಪಿ, ಇಲ್ಲವೇ ಹಳೇ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಎತ್ತಿಟ್ಟುಕೊಂಡ ಫೋಲ್ಡರ್. ಅದನ್ನು ತಯಾರಿಸಿದ, ಪುಟ ಜೋಡಿಸುವ ಪೇಜ್‌ಮೇಕರ್, ಲೆಕ್ಕ ಇಡುವ ಲೋಟಸ್‌ನಂಥ ತಂತ್ರಾಂಶ ಈಗ ಮಾರಾಟದಲ್ಲೇ ಇಲ್ಲ. ಕನ್ನಡ ಟೈಪ್ ಆಗಿರುವುದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೇ ಆವೃತ್ತಿಯಲ್ಲೋ ಅಂಥದ್ದರಲ್ಲೋ.

ಡಿಟಿಪಿ ಕೆಲಸದಲ್ಲಿರುವ ನನ್ನ ಹತ್ತಿರ ಇಂಥ ಫೈಲು ತರುವವರು ಎರಡು ಥರದ ದೂರು ಹೇಳುತ್ತಾರೆ. ಒಂದು, "ಸಾರ್, ಫೈಲ್ ಓಪನ್ನೇ ಆಗ್ತಿಲ್ಲ." ಇನ್ನೊಂದು, "ಓಪನ್ ಆಯ್ತು ಸಾರ್, ಆದ್ರೆ ಒಂದಕ್ಷರಾನೂ ಓದೋಕಾಗ್ತಿಲ್ಲ." ಕೇಳೋಕೆ ಒಂದೇ ಥರ ಇದ್ದರೂ ಇವು ಬೇರೆ ಬೇರೆ ತೊಂದರೆಗಳು. ಹಳೇ ಕನ್ನಡ ಫೈಲಿಗೆ ಎರಡು ಬೀಗ ಇರುತ್ತವೆ. ಮೊದಲನೆಯದು ಫೈಲಿನ ನಮೂನೆ, ಅಂದರೆ ಯಾವ ತಂತ್ರಾಂಶ ಅದನ್ನು ಬರೆಯಿತು ಎನ್ನುವುದು. ಎರಡನೆಯದು ಅಕ್ಷರದ ಸಂಕೇತ, ಅಂದರೆ ಯಾವ ಫಾಂಟಿನಲ್ಲಿ ಟೈಪ್ ಆಯಿತು ಎನ್ನುವುದು. ಇಂಗ್ಲಿಷ್ ಫೈಲುಗಳಿಗೆ ಸಾಮಾನ್ಯವಾಗಿ ಮೊದಲ ಬೀಗ ಮಾತ್ರ. ನಮಗೆ ಎರಡೂ ಇವೆ. ಒಂದನ್ನು ತೆಗೆದು, ಎರಡನೆಯದು ಇದೆ ಅಂತಲೇ ಗೊತ್ತಾಗದೆ, ಫೈಲು ಹಾಳಾಗಿದೆ ಎಂದು ಕೈಬಿಡುವವರು ಬಹಳ. ಹಾಗೆ ಕೈಬಿಟ್ಟ ಎಷ್ಟೋ ಫೈಲು ಸರಿಯಾಗೇ ಇರುತ್ತವೆ.

ಮೊದಲು ನಕಲು

ಏನೇ ಮಾಡುವ ಮುಂಚೆ ಮೂಲ ಫೈಲಿನ ನಕಲು ಮಾಡಿ. ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಹೊಸ ತಂತ್ರಾಂಶದಲ್ಲಿ ತೆರೆದು, ಕೈ ತಪ್ಪಿ ಸೇವ್ ಒತ್ತಿದರೆ ಹಳೇ ನಮೂನೆ ಅಳಿಸಿ ಹೋಗಬಹುದು. ಕಂಪ್ಯೂಟರಿನಲ್ಲಿ "ಮೂಲ" ಅಂತ ಒಂದು ಫೋಲ್ಡರ್, "ಕೆಲಸ" ಅಂತ ಇನ್ನೊಂದು ಫೋಲ್ಡರ್ ಮಾಡಿ. "ಮೂಲ"ದಲ್ಲಿರುವ ಫೈಲುಗಳ ಪ್ರಾಪರ್ಟೀಸ್‌ಗೆ ಹೋಗಿ ರೀಡ್ ಓನ್ಲಿ ಎಂದು ಗುರುತು ಹಾಕಿ.

ಬೇಕಾದ ಒಂದೇ ಫೈಲನ್ನು ಆರಿಸಿ ಕಾಪಿ ಮಾಡಬೇಡಿ. ಪೂರ್ತಿ ಫೋಲ್ಡರ್ ತನ್ನಿ. ಪೇಜ್‌ಮೇಕರ್ ಚಿತ್ರಗಳನ್ನು ಎಷ್ಟೋ ಸಲ ಫೈಲಿನೊಳಗೆ ಇಟ್ಟುಕೊಳ್ಳದೆ, ಪಕ್ಕದ ಫೈಲಿಗೆ ಕೊಂಡಿ ಹಾಕಿರುತ್ತದೆ. ಅದೇ ಸಿಡಿಯಲ್ಲಿ ಫಾಂಟುಗಳ ಫೋಲ್ಡರ್ ಸಿಕ್ಕರೆ ಅದು ನಿಮ್ಮ ಪುಣ್ಯ, ಖಂಡಿತ ಬಿಡಬೇಡಿ.

ಮೂರೂವರೆ ಇಂಚಿನ ಫ್ಲಾಪಿಯಾದರೆ ಯುಎಸ್‌ಬಿ ಫ್ಲಾಪಿ ಡ್ರೈವ್ ಈಗಲೂ ಆನ್‌ಲೈನಲ್ಲಿ ಸಿಗುತ್ತದೆ. ಹಾಕುವ ಮುಂಚೆ ಫ್ಲಾಪಿಯ ಮೂಲೆಯಲ್ಲಿರುವ ಪುಟ್ಟ ಜಾರುಗುಂಡಿ ನೋಡಿ. ಅದನ್ನು ಸರಿಸಿ ತೂತು ತೆರೆದುಕೊಂಡರೆ ಫ್ಲಾಪಿಯನ್ನು ಓದಬಹುದು, ಅದರ ಮೇಲೆ ಬರೆಯಲಾಗುವುದಿಲ್ಲ. ನಮಗೆ ಬೇಕಾದದ್ದು ಅದೇ. ಮಲೆನಾಡಿನ ಕಡೆಯಿಂದ ಬರುವ ಫ್ಲಾಪಿಗಳಲ್ಲಿ ಇನ್ನೊಂದು ತೊಂದರೆ ಇದೆ. ಲೋಹದ ಮುಚ್ಚಳ ಸರಿಸಿ ಒಳಗಿನ ಕಂದು ತಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಯೋ ಜೇಡರ ಬಲೆಯಂಥದ್ದೋ ಕಂಡರೆ ಅದು ಬೂಷ್ಟು. ಡ್ರೈವಿಗೆ ಹಾಕಲೇಬೇಡಿ. ಆ ತಟ್ಟೆಯೂ ಕೆರೆಯುತ್ತದೆ, ಡ್ರೈವಿನ ಹೆಡ್ಡೂ ಹಾಳಾಗಿ ಮುಂದಿನ ಫ್ಲಾಪಿಗಳನ್ನೂ ಹಾಳು ಮಾಡುತ್ತದೆ. ಅಂಥದ್ದನ್ನೂ, ಐದೂಕಾಲು ಇಂಚಿನ ದೊಡ್ಡ ಫ್ಲಾಪಿಯನ್ನೂ ಡೇಟಾ ರಿಕವರಿ ಮಾಡುವವರ ಕೈಗೆ ಕೊಡುವುದೇ ಸರಿ.

ಫೈಲಿನ ದಿನಾಂಕ 1980ರ ಜನವರಿ 1 ಎಂದು ಕಂಡರೆ ಗಾಬರಿ ಬೇಡ. ವಿಂಡೋಸ್‌ಗೂ ಮುಂಚಿನ ಡಾಸ್‌ನ ಕ್ಯಾಲೆಂಡರ್ ಶುರುವಾಗುವುದೇ ಅಲ್ಲಿಂದ. ಆ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಮುಗಿದಿತ್ತು ಅಂತ ತಿಳಿದುಕೊಳ್ಳಿ.

ಇದು ಯಾವುದರ ಫೈಲು?

ವಿಂಡೋಸ್ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ. ಹೆಸರಿನ ಕೊನೆಯ ಚುಕ್ಕಿಯ ಮುಂದಿರುವ ಮೂರಕ್ಷರ ಬಹಳಷ್ಟು ಹೇಳುತ್ತದೆ. ಪಿ65, ಪಿಎಂಡಿ, ಪಿಎಂ6 ಇದ್ದರೆ ಪೇಜ್‌ಮೇಕರ್. ಡಬ್ಲ್ಯೂಕೆ1 ಅಥವಾ 123 ಇದ್ದರೆ ಲೋಟಸ್ 1-2-3. ಡಬ್ಲ್ಯೂಪಿಎಸ್ ಅಂದರೆ ಮೈಕ್ರೋಸಾಫ್ಟ್ ವರ್ಕ್ಸ್, ಡಬ್ಲ್ಯೂಪಿಡಿ ಅಂದರೆ ವರ್ಡ್‌ಪರ್ಫೆಕ್ಟ್, ಪಿಯುಬಿ ಅಂದರೆ ಪಬ್ಲಿಷರ್, ಸಿಡಿಆರ್ ಅಂದರೆ ಕೋರೆಲ್ ಡ್ರಾ. ಸಂಘಗಳ ಸದಸ್ಯರ ಪಟ್ಟಿ, ಷೇರು ಲೆಕ್ಕ ಹೆಚ್ಚಾಗಿ ಡಿಬಿಎಫ್ ಆಗಿರುತ್ತವೆ. ಅದು ಡಿಬೇಸ್ ಅಥವಾ ಫಾಕ್ಸ್‌ಪ್ರೊ. ಅದರ ಜೊತೆ ಅದೇ ಹೆಸರಿನ ಎಫ್‌ಪಿಟಿ ಅಥವಾ ಡಿಬಿಟಿ ಫೈಲಿದ್ದರೆ ಅದನ್ನೂ ತನ್ನಿ, ಉದ್ದನೆಯ ಷರಾಗಳು ಇರುವುದು ಅದರಲ್ಲಿ.

ಡಿಒಸಿ ಎಂದಿದ್ದರೆ ಮಾತ್ರ ವರ್ಡ್ ಫೈಲೇ ಎಂದು ನಂಬಬೇಡಿ. ಆಗ ಯಾವ ತಂತ್ರಾಂಶ ಬಳಸುವವರೂ ತಮಗೆ ತೋಚಿದ ಹಾಗೆ ಡಿಒಸಿ ಎಂದು ಹೆಸರು ಕೊಡುತ್ತಿದ್ದರು.

ಎಕ್ಸ್‌ಟೆನ್ಷನ್ನೇ ಇಲ್ಲದಿದ್ದರೆ, ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಕೆಲವು ಅಕ್ಷರ ನೋಡಿ. ಮಿಕ್ಕಿದ್ದೆಲ್ಲ ಕಸದಂತೆ ಕಂಡರೂ ಪರವಾಗಿಲ್ಲ. ಪಿಕೆ ಎಂದು ಶುರುವಾದರೆ ಅದು ಜಿಪ್, ಅಥವಾ ಹೊಸ ಕಾಲದ ವರ್ಡ್ ಫೈಲು. ಪರ್ಸೆಂಟ್ ಗುರುತಾಗಿ ಪಿಡಿಎಫ್ ಎಂದಿದ್ದರೆ ಪಿಡಿಎಫ್ಫೇ. ಪುಷ್ಪಾವರಣ, ಹಿಂದಕ್ಕೆ ಬಾಗಿದ ಗೀಟು, ಆಮೇಲೆ ಆರ್‌ಟಿಎಫ್ ಇದ್ದರೆ ವರ್ಡ್ ಸುಲಭವಾಗಿ ತೆರೆಯುತ್ತದೆ. ಎರಡನೇ ಅಕ್ಷರದಿಂದ ಡಬ್ಲ್ಯೂಪಿಸಿ ಕಂಡರೆ ವರ್ಡ್‌ಪರ್ಫೆಕ್ಟ್.

ಇಂಗ್ಲಿಷ್ ಓದಲು ಬರುತ್ತಿದೆ, ಆದರೆ ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರವಾಗಿದೆ ಅಂದರೆ ಅದು ವರ್ಡ್‌ಸ್ಟಾರ್. ಇಂಗ್ಲಿಷಿನ ಅಕ್ಷರಕ್ಕೆ ಏಳು ಬಿಟ್ ಸಾಕು. ವರ್ಡ್‌ಸ್ಟಾರ್ ಮಿಕ್ಕ ಎಂಟನೇ ಬಿಟ್ಟನ್ನು ಪದದ ಕೊನೆಯ ಅಕ್ಷರಕ್ಕೆ ಗುರುತಾಗಿ ಬಳಸುತ್ತಿತ್ತು. ಈಗಿನ ತಂತ್ರಾಂಶಕ್ಕೆ ಆ ಗುರುತು ಗೊತ್ತಿಲ್ಲ, ಬೇರೆ ಅಕ್ಷರ ಎಂದು ತೋರಿಸುತ್ತದೆ. ಆ ಎಂಟನೇ ಬಿಟ್ಟನ್ನು ತೆಗೆದು ಹಾಕುವ ಸಣ್ಣ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪ್ರೋಗ್ರಾಮಿಂಗ್ ಗೊತ್ತಿರುವ ಹುಡುಗರು ಹತ್ತು ನಿಮಿಷದಲ್ಲಿ ಬರೆದೂ ಕೊಡುತ್ತಾರೆ. ಚುಕ್ಕಿಯಿಂದ ಶುರುವಾಗುವ ಸಾಲುಗಳು ಪುಟದ ಅಳತೆ, ತಲೆಬರಹಕ್ಕೆ ಕೊಟ್ಟ ಆಜ್ಞೆಗಳು. ಅವನ್ನು ಅಳಿಸಬಹುದು.

ನೂರಾರು ಫೈಲುಗಳಿದ್ದರೆ ಒಂದೊಂದನ್ನೇ ಹೀಗೆ ನೋಡುತ್ತಾ ಕೂರಬೇಡಿ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದವರು ಡ್ರಾಯ್ಡ್ ಎಂಬ ಉಚಿತ ತಂತ್ರಾಂಶ ಕೊಟ್ಟಿದ್ದಾರೆ. ಫೋಲ್ಡರ್ ತೋರಿಸಿದರೆ ಯಾವ ಫೈಲು ಯಾವ ನಮೂನೆ ಎಂದು ಪಟ್ಟಿ ಮಾಡಿಕೊಡುತ್ತದೆ.

ಮೊದಲ ಬೀಗ: ಲಿಬ್ರೆ ಆಫೀಸ್

ಹಣ ಖರ್ಚು ಮಾಡುವ ಮುಂಚೆ, ವರ್ಡ್, ಎಕ್ಸೆಲ್‌ಗಳ ಕೆಲಸ ಮಾಡುವ ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಉಚಿತ. ಅದರ ಹಿಂದಿರುವವರು ಸತ್ತುಹೋದ ನಮೂನೆಗಳನ್ನು ಓದುವುದಕ್ಕೆಂದೇ ವರ್ಷಗಟ್ಟಲೆ ದುಡಿದಿದ್ದಾರೆ. ವರ್ಕ್ಸ್, ವರ್ಡ್‌ಪರ್ಫೆಕ್ಟ್, ಲೋಟಸ್, ಡಿಬಿಎಫ್, ಪಬ್ಲಿಷರ್, ಕೋರೆಲ್ ಡ್ರಾ, ಪೇಜ್‌ಮೇಕರ್‌ನ 6 ಮತ್ತು 7ರ ಫೈಲುಗಳು ಎಲ್ಲವನ್ನೂ ಒಂದು ಮಟ್ಟಿಗೆ ತೆರೆಯುತ್ತದೆ. ಮೈಕ್ರೋಸಾಫ್ಟ್ ಪಬ್ಲಿಷರ್ ಬಳಸುವವರು ಈಗಲೇ ಗಮನಿಸಿ: ಅದಕ್ಕೆ ಬೆಂಬಲ 2026ರ ಅಕ್ಟೋಬರ್‌ನಲ್ಲಿ ನಿಲ್ಲುತ್ತದೆ ಎಂದು ಕಂಪನಿಯೇ ಹೇಳಿದೆ. ಪಬ್ಲಿಷರ್ ನಿಮ್ಮ ಕಂಪ್ಯೂಟರಿನಲ್ಲಿ ಇರುವಾಗಲೇ ಎಲ್ಲವನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ.

ಹಳೇ ವರ್ಡ್ ಫೈಲನ್ನು ಹೊಸ ವರ್ಡ್ ಕೆಲವು ಸಲ ಬೇಕೆಂದೇ ತಡೆಯುತ್ತದೆ. ವರ್ಡ್ 6, ವರ್ಡ್ 95ರ ಕಾಲದ ಫೈಲು ತೆರೆದಾಗ ತಡೆ ಬಂದರೆ ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಅಲ್ಲಿಂದ ಫೈಲ್ ಬ್ಲಾಕ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಆವೃತ್ತಿಯ ಮುಂದಿನ ಗುರುತು ತೆಗೆಯಿರಿ. ಕೆಲಸ ಮುಗಿದ ಮೇಲೆ ಮರೆಯದೆ ಮತ್ತೆ ಹಾಕಿ. ಆ ತಡೆಗೆ ಕಾರಣ ಇದೆ. 1990ರ ದಶಕದ ಕೊನೆಯಲ್ಲಿ ವರ್ಡ್ ಫೈಲುಗಳ ಮ್ಯಾಕ್ರೋ, ಅಂದರೆ ಫೈಲಿನೊಳಗೇ ಇರುವ ಪುಟ್ಟ ಪ್ರೋಗ್ರಾಮ್ ಮೂಲಕ ಹರಡುವ ವೈರಸ್ ಕಾಟ ವಿಪರೀತ ಇತ್ತು. 1999ರ ಮೆಲಿಸ್ಸಾ ಅಂಥದ್ದೇ. ಆ ಕಾಲದ ಸೈಬರ್ ಸೆಂಟರ್ ಸುತ್ತಿ ಬಂದ ಫ್ಲಾಪಿಯಲ್ಲಿ ಅದು ಇನ್ನೂ ಇರಬಹುದು. ಮ್ಯಾಕ್ರೋ ಚಾಲೂ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ಫೈಲು ನಿಜವಾಗಿಯೂ ಕೆಟ್ಟಿದ್ದರೆ, ವರ್ಡಿನ ಓಪನ್ ಕಿಟಕಿಯಲ್ಲಿ ಫೈಲಿನ ಬಗೆ ಆರಿಸುವ ಕಡೆ "ರಿಕವರ್ ಟೆಕ್ಸ್ಟ್ ಫ್ರಂ ಎನಿ ಫೈಲ್" ಎಂಬುದಿದೆ. ವಿನ್ಯಾಸ ಹೋಗುತ್ತದೆ, ಸಾಲುಗಳು ಸಿಗುತ್ತವೆ.

ಪೇಜ್‌ಮೇಕರ್ ಬಗ್ಗೆ ಸ್ವಲ್ಪ ಜಾಸ್ತಿ

ನಮ್ಮ ಕಡೆಯ ಪ್ರೆಸ್‌ಗಳು ಬಹಳ ವರ್ಷ ಬದುಕಿದ್ದೇ ಪೇಜ್‌ಮೇಕರ್ ಮೇಲೆ. 1985ರಲ್ಲಿ ಆಲ್ಡಸ್ ಕಂಪನಿ ಅದನ್ನು ತಂದಿತು. 1994ರಲ್ಲಿ ಆಲ್ಡಸ್ ಅಡೋಬಿಯ ಪಾಲಾಯಿತು. 2001ರಲ್ಲಿ ಬಂದ 7ನೇ ಆವೃತ್ತಿಯೇ ಕೊನೆ. ಅಡೋಬಿಯದ್ದೇ ಇನ್ನೊಂದು ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್, ಸಿಎಸ್6 ಆವೃತ್ತಿಯವರೆಗೆ ಪೇಜ್‌ಮೇಕರ್ ಫೈಲನ್ನು ತೆರೆಯುತ್ತಿತ್ತು, ಆಮೇಲಿನ ಸಿಸಿ ತೆರೆಯುವುದಿಲ್ಲ. ಹಾಗಾಗಿ ಯಾರ ಬಳಿಯಾದರೂ ಸಿಎಸ್6 ಇದ್ದರೆ ನಿಮಗೆ ಒಳ್ಳೇ ದಾರಿ ಸಿಕ್ಕಂತೆ.

ಇಲ್ಲದಿದ್ದರೆ ಲಿಬ್ರೆ ಆಫೀಸ್ ಡ್ರಾ ಅಥವಾ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ಪುಟ ಹೇಗಿತ್ತು ಎಂದು ಅಂದಾಜಾಗುತ್ತದೆ. ಆದರೆ ಒಂದು ಪುಟದಿಂದ ಇನ್ನೊಂದಕ್ಕೆ ಹರಿಯುವ ಲೇಖನ ತುಂಡು ತುಂಡಾಗಿ ಬರಬಹುದು. ಆಮಂತ್ರಣ ಪತ್ರಿಕೆಗೆ ಇದು ಸಾಕು. 200 ಪುಟದ ಸ್ಮರಣ ಸಂಚಿಕೆಗೆ ಸಾಲದು.

ದೊಡ್ಡ ಪುಸ್ತಕಕ್ಕೆ ಪೇಜ್‌ಮೇಕರನ್ನೇ ಓಡಿಸುವುದು ಸರಿಯಾದ ದಾರಿ. ಹಳೇ ವಿಂಡೋಸ್ ಎಕ್ಸ್‌ಪಿ ಮಿಷನ್ ಉಳಿಸಿಕೊಂಡಿರುವ ಪ್ರೆಸ್‌ನವರು ಸುತ್ತಮುತ್ತ ಇನ್ನೂ ಸಿಗುತ್ತಾರೆ. ಮೊದಲು ಅವರನ್ನು ವಿಚಾರಿಸಿ. ಅವರ ಬಳಿ ತಂತ್ರಾಂಶ, ಫಾಂಟು ಎರಡೂ ಇರುತ್ತವೆ, ಅದೇ ದೊಡ್ಡ ಲಾಭ. ಸಿಗದಿದ್ದರೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ನಿಮ್ಮ ಕಂಪ್ಯೂಟರಿನೊಳಗೇ ಎಕ್ಸ್‌ಪಿ ನಡೆಸಬಹುದು. ನಿಮ್ಮಲ್ಲಿರುವ ಎಕ್ಸ್‌ಪಿ ಸಿಡಿ, ಪೇಜ್‌ಮೇಕರ್ ಸಿಡಿ ಬೇಕು. ಆ ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡಬೇಡಿ. ಅದಕ್ಕೆ ಭದ್ರತೆಯ ಅಪ್‌ಡೇಟ್ 2014ರಲ್ಲೇ ನಿಂತಿದೆ. ಗುರುತು ಪರಿಚಯ ಇಲ್ಲದ ತಾಣಗಳಿಂದ ಪೇಜ್‌ಮೇಕರ್ ಇಳಿಸಿಕೊಳ್ಳಲೂ ಹೋಗಬೇಡಿ, ಜೊತೆಗೆ ಏನು ಬರುತ್ತದೆ ಎಂದು ಹೇಳಲಾಗದು.

ತೆರೆದ ಮೇಲೆ ಎರಡು ಕೆಲಸ. ಮೊದಲು ಇಡೀ ಪುಸ್ತಕವನ್ನು ಪಿಡಿಎಫ್ ಮಾಡಿ, ಪುಟದ ರೂಪ ಉಳಿಯುತ್ತದೆ. ಆಮೇಲೆ ಒಂದೊಂದು ಲೇಖನದೊಳಗೆ ಕರ್ಸರ್ ಇಟ್ಟು ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಿಂದ ಪಠ್ಯವನ್ನು ಆರ್‌ಟಿಎಫ್ ಆಗಿ ಹೊರತೆಗೆಯಿರಿ. ಇದು ಬೇಸರದ ಕೆಲಸ. ಆದರೆ ಹೀಗೆ ತೆಗೆದ ಪಠ್ಯ ಮೊದಲಿನಿಂದ ಕೊನೆಯವರೆಗೆ ಸರಿಯಾದ ಕ್ರಮದಲ್ಲಿ ಇರುತ್ತದೆ. ಪಿಡಿಎಫ್‌ನಿಂದ ಕಾಪಿ ಮಾಡಿದರೆ ಎರಡು ಕಾಲಂಗಳ ಸಾಲುಗಳು ಒಂದಕ್ಕೊಂದು ಬೆರೆತುಹೋಗುತ್ತವೆ.

ಕೋರೆಲ್ ಡ್ರಾದಲ್ಲಿ ಮಾಡಿದ ಲಗ್ನಪತ್ರಿಕೆ, ಕರಪತ್ರಗಳಲ್ಲಿ ಬೇರೆ ಸಮಸ್ಯೆ ಇದೆ. ಪ್ರೆಸ್‌ಗೆ ಕಳಿಸುವಾಗ ಫಾಂಟಿನ ತೊಂದರೆ ಬಾರದಿರಲಿ ಎಂದು ಅಕ್ಷರಗಳನ್ನು ಕರ್ವ್ಸ್ ಮಾಡಿರುತ್ತಾರೆ. ಆಗ ಅಲ್ಲಿ ಅಕ್ಷರವೇ ಇಲ್ಲ, ಬರೀ ಗೆರೆಗಳ ಚಿತ್ರ. ನೋಡಲು ಚೆನ್ನಾಗಿರುತ್ತದೆ, ಪಠ್ಯ ಬೇಕಿದ್ದರೆ ಒಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಯಂತ್ರವೇ ಓದಿ ಪಠ್ಯ ಮಾಡುವುದು, ಒಂದೇ ಗತಿ.

ಎರಡನೇ ಬೀಗ: ಅಕ್ಷರ

ಈಗ ಬಂತು ನಮ್ಮದೇ ವಿಷಯ. ಫೈಲು ತೆರೆಯಿತು, ಆದರೆ ಪರದೆಯ ತುಂಬ ಪೌಂಡ್ ಗುರುತು, ತಲೆಮೇಲೆ ಗೀಟಿರುವ ಎ, ಎಲ್ಲೆಲ್ಲೂ ಬಾಲ ಕೊಂಬು. ಇದು ಹಾಳಾದ ಫೈಲಲ್ಲ. ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ, ಬಳಕೆಗೆ ಬರುವ ಮುಂಚೆ ಕನ್ನಡದ ಫಾಂಟುಗಳು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿದ್ದವು.

ಹಳೇ ನುಡಿಯಲ್ಲಿ "ಕನ್ನಡ" ಎಂಬ ಪದವನ್ನೇ ನೋಡಿ. ಫಾಂಟ್ ತೆಗೆದರೆ ಕಾಣುವುದು ಏಳು ಗುರುತು: ದೊಡ್ಡ ಪಿ, ಗೀಟಿನ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರು ಬಳಸುವ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಇದರಲ್ಲಿ ಪಿ ಎಂದರೆ ಕ ಅಕ್ಷರದ ಮೈ, ಗೀಟಿನ ಎ ಎಂದರೆ ತಲೆಕಟ್ಟು. ಪೌಂಡ್ ಗುರುತು ನ ಅಕ್ಷರದ ಮೈ. ಜೋಡಿ ಎಸ್ ನ ಒತ್ತು. ಕ್ಯೂ ಡ ಅಕ್ಷರದ ಮೈ. ನುಡಿ ಫಾಂಟ್ ಹಾಕಿದ ಕೂಡಲೇ ಈ ಏಳೂ ಸೇರಿ "ಕನ್ನಡ" ಆಗುತ್ತದೆ. ಹಾಗಾಗಿ ಪೌಂಡ್ ಗುರುತು, ಗೀಟಿನ ಎ ಜಾಸ್ತಿ ಕಂಡರೆ ಮೊದಲು ನುಡಿ ಅಥವಾ ಬರಹ ಎಂಬ ಇನ್ನೊಂದು ಕನ್ನಡ ತಂತ್ರಾಂಶ ಇರಬಹುದೇ ಎಂದು ನೋಡಿ.

ಊಹೆಗಿಂತ ಫಾಂಟಿನ ಹೆಸರು ಹುಡುಕುವುದು ಒಳ್ಳೆಯದು. ಲಿಬ್ರೆ ಆಫೀಸ್‌ನಲ್ಲಿ ಪಠ್ಯದ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಡಬ್ಬಿ ನೋಡಿ. ಹೆಸರು ಓರೆ ಅಕ್ಷರದಲ್ಲಿದ್ದರೆ ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ ಎಂದರ್ಥ. ಹೆಸರಿನಲ್ಲಿ ನುಡಿ ಎಂದೋ ಬಿಆರ್‌ಎಚ್ ಎಂದೋ ಇದ್ದರೆ ಕೆಲಸ ಸುಲಭ. ಬಿಆರ್‌ಎಚ್ ಎಂದರೆ ಬರಹ. ಕನ್ನಡ ಗಣಕ ಪರಿಷತ್ತಿನ ನುಡಿ, ಬರಹ ಎರಡರ ಸಂಕೇತವೂ ಹೊಂದುವುದರಿಂದ ಒಂದೇ ಪರಿವರ್ತಕ ಸಾಕು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಇದ್ದರೆ ಹಾಗಲ್ಲ. ಅವುಗಳ ಸಂಕೇತವೇ ಬೇರೆ. ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಅರ್ಥವಿಲ್ಲದ ಕನ್ನಡ ಬರುತ್ತದೆ. ಆಯಾ ತಂತ್ರಾಂಶದ ಪರಿವರ್ತಕವನ್ನೇ ಹುಡುಕಬೇಕು.

ಓದಲು ಮಾತ್ರ ಸಾಕು ಎಂದರೆ ಆ ಫಾಂಟ್ ಹಾಕಿಕೊಂಡರೆ ಆಯಿತು. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅಂಥ ಫೈಲಿನಲ್ಲಿ ಒಂದು ಪದ ಹುಡುಕಲಾಗದು, ಮೊಬೈಲಿನಲ್ಲಿ ಓದಲಾಗದು, ವಾಟ್ಸಾಪಿನಲ್ಲಿ ಕಳಿಸಲಾಗದು. ಯೂನಿಕೋಡ್‌ಗೆ ತನ್ನಿ. ನುಡಿ ಮತ್ತು ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಸ್ವಯಂಸೇವಕರು ಮಾಡಿದ ಮುಕ್ತ ಪರಿವರ್ತಕಗಳೂ ಇವೆ.

ಪರಿವರ್ತಿಸುವ ಮುಂಚೆ ವರ್ಡಿನ ಆಟೋಕರೆಕ್ಟ್ ಪೂರ್ತಿ ಬಂದ್ ಮಾಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ವಾಕ್ಯದ ಮೊದಲ ಅಕ್ಷರ ಎಂದುಕೊಂಡು ವರ್ಡ್ ಸಣ್ಣ ಅಕ್ಷರವನ್ನು ದೊಡ್ಡದು ಮಾಡುತ್ತದೆ. ಇಂಗ್ಲಿಷಿಗೆ ಅದು ಉಪಕಾರ. ನುಡಿ ಪಠ್ಯದಲ್ಲಿ ಸಣ್ಣ ಅಕ್ಷರ ಒಂದು ಕನ್ನಡ ಅಕ್ಷರ, ದೊಡ್ಡದು ಇನ್ನೊಂದು. ನೀವು ಮುಟ್ಟಿದ ಸಾಲೇ ಬದಲಾಗಿಬಿಡುತ್ತದೆ.

ಇಂಗ್ಲಿಷ್ ಪದಗಳು ನಡುವೆ ಇದ್ದರೆ ಅವನ್ನೂ ಪರಿವರ್ತಕ ಕನ್ನಡ ಎಂದುಕೊಂಡು ಕಲಸುತ್ತದೆ. ವರ್ಡಿನ ಫೈಂಡ್‌ನಲ್ಲಿ ಫಾಂಟ್ ಪ್ರಕಾರ ಹುಡುಕಿ ಇಂಗ್ಲಿಷ್ ಭಾಗವನ್ನು ಮೊದಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಅಂಕಿಗಳನ್ನೂ ನೋಡಿ: ನುಡಿ ಫಾಂಟಿನ ಹೆಸರಿನ ಕೊನೆಗೆ ಇ ಇದ್ದರೆ ಇಂಗ್ಲಿಷ್ ಅಂಕಿ, ಕೆ ಇದ್ದರೆ ಕನ್ನಡ ಅಂಕಿ.

ಆಮೇಲೆ ಕೂತು ಓದಬೇಕು. ಯಂತ್ರ ಮಾಡಿದ್ದನ್ನು ಹಾಗೇ ನಂಬಬೇಡಿ. ತಪ್ಪು ಜಾಸ್ತಿ ಆಗುವುದು ಅರ್ಕಾವತ್ತಿನಲ್ಲಿ. "ಕರ್ನಾಟಕ" ಎನ್ನುವಾಗ ಹಳೇ ನುಡಿ ಮೊದಲು ನಾ ಇಟ್ಟು, ಅದರ ಮುಂದೆ ಅರ್ಕಾವತ್ತು ಇಡುತ್ತದೆ, ನಾವು ಕೈಯಲ್ಲಿ ಬರೆಯುವ ಹಾಗೆ. ಯೂನಿಕೋಡ್ ನಾವು ಉಚ್ಚರಿಸುವ ಹಾಗೆ ರ್ ಮೊದಲು, ನಾ ಆಮೇಲೆ ಇಡುತ್ತದೆ. ಪರಿವರ್ತಕ ಇವೆರಡನ್ನೂ ಅದಲು ಬದಲು ಮಾಡಬೇಕು. ಒತ್ತಕ್ಷರವೂ ಸೇರಿಕೊಂಡಾಗ ಎಡವುತ್ತದೆ. ಹೊಯ್ಸಳೇಶ್ವರ, ಅರ್ಚಕರು, ಕ್ಷೇತ್ರ, ಜ್ಞಾನ, ಕೃಷ್ಣ ಇಂಥ ಪದಗಳನ್ನು ಫೈಂಡ್‌ನಲ್ಲಿ ಹುಡುಕಿ. ಬೇಲೂರು, ಹಳೇಬೀಡಿನ ಬಗ್ಗೆ ಬರೆದ ಪುಸ್ತಕದಲ್ಲಿ ಹೊಯ್ಸಳ ಎಂದು ಹುಡುಕಿದಾಗ ನಾಲ್ಕೇ ಕಡೆ ಸಿಕ್ಕರೆ ಪರಿವರ್ತನೆಯಲ್ಲಿ ಏನೋ ತಪ್ಪಾಗಿದೆ ಅಂತಲೇ ಅರ್ಥ, ಅಲ್ವಾ? ಜನರ ಹೆಸರು, ಇಸವಿ, ದೇಣಿಗೆಯ ಮೊತ್ತಗಳನ್ನು ಮಾತ್ರ ಮೂಲದ ಜೊತೆ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿ.

ಯಾವ ಪರಿವರ್ತಕವೂ ಸಿಗದಿದ್ದರೆ ಫಾಂಟ್ ಹಾಕಿ ಮುದ್ರಿಸಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಒಸಿಆರ್‌ಗೆ ಕೊಡಿ. ಗೂಗಲ್ ಡ್ರೈವ್‌ಗೆ ಚಿತ್ರ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬರುತ್ತದೆ. ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೂ ಕನ್ನಡ ಗೊತ್ತು, ಇಂಟರ್‌ನೆಟ್ ಬೇಡ. ಕ್ರಯಪತ್ರ, ವಿಭಾಗಪತ್ರ, ಸದಸ್ಯರ ವಿವರ ಇರುವ ಕಡತವಾದರೆ ಟೆಸರಾಕ್ಟ್ ಬಳಸಿ. ಅಂಥದ್ದನ್ನು ಆನ್‌ಲೈನ್ ಪರಿವರ್ತಕಗಳಿಗೂ ಹಾಕಬಾರದು.

ತೋಟದ ಲೆಕ್ಕಗಳು

ಕಾಫಿ ಬೆಳೆಗಾರರ ಮನೆಗಳಲ್ಲಿ ದಿನದಿನದ ಮಳೆಯನ್ನು ಇಂಚು ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿ ಇದೆ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಎಷ್ಟು ಬಂತು ಎನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದವರು ಆಗ ಬಳಸಿದ್ದು ಲೋಟಸ್ 1-2-3. 2013ರಲ್ಲಿ ಐಬಿಎಂ ಅದರ ಮಾರಾಟ ನಿಲ್ಲಿಸಿತು. ನನ್ನ ಕೇಳಿದರೆ, ಎಲ್ಲಕ್ಕಿಂತ ಮೊದಲು ಉಳಿಸಬೇಕಾದ ಫೈಲುಗಳು ಇವೇ. ಒಂದೇ ತೋಟದಲ್ಲಿ ಬಿದ್ದ ಮಳೆಯ ದಿನವಹಿ ದಾಖಲೆ ಬೇರೆಲ್ಲೂ ಸಿಗುವುದಿಲ್ಲ.

ಲಿಬ್ರೆ ಆಫೀಸ್ ಕ್ಯಾಲ್ಕ್ ಅವನ್ನು ತೆರೆಯುತ್ತದೆ. ದಿನಾಂಕದ ಕಾಲಂನಲ್ಲಿ 33000 ಎಂಬಂಥ ಸಂಖ್ಯೆ ಕಂಡರೆ ಗಾಬರಿಯಾಗಬೇಡಿ. 1900ರ ಶುರುವಿನಿಂದ ಎಣಿಸಿದ ದಿನ ಅದು. ಕಾಲಂ ಆರಿಸಿ ದಿನಾಂಕದ ನಮೂನೆ ಕೊಡಿ, 33000 ಇದ್ದದ್ದು 1990ರ ಮೇ 7 ಆಗುತ್ತದೆ. ಇಸವಿಯನ್ನು ಎರಡೇ ಅಂಕಿಯಲ್ಲಿ ಪಠ್ಯವಾಗಿ ಬರೆದಿದ್ದರೆ ಎಚ್ಚರ. ಲಿಬ್ರೆ ಆಫೀಸ್ ತಾನಾಗೇ 30ರಿಂದ 99ರವರೆಗಿನದನ್ನು 1900ರ ಸಾಲಿಗೂ, 00ಯಿಂದ 29ರವರೆಗಿನದನ್ನು 2000ದ ಸಾಲಿಗೂ ಸೇರಿಸುತ್ತದೆ. ತಾತನ ಕಾಲದ 1925ರ ಮಳೆಯನ್ನು 25 ಎಂದು ಏರಿಸಿದ್ದರೆ ಅದು 2025 ಆಗುತ್ತದೆ. ತಿಂಗಳ ಮೊತ್ತವನ್ನು ಹಳೇ ಪುಸ್ತಕದ ಮೊತ್ತದ ಜೊತೆ ತಾಳೆ ನೋಡಿ, ಸೂತ್ರಗಳು ಮುರಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಎತ್ತಿಡುವುದು

ಪಠ್ಯವನ್ನು ಯೂನಿಕೋಡ್‌ನಲ್ಲಿ ಒಡಿಟಿ ಅಥವಾ ವರ್ಡಿನ ಡಿಒಸಿಎಕ್ಸ್ ಆಗಿ, ಲೆಕ್ಕಗಳನ್ನು ಒಡಿಎಸ್ ಮತ್ತು ಸಿಎಸ್‌ವಿ ಆಗಿ ಉಳಿಸಿ. ಪುಟದ ರೂಪ ಮುಖ್ಯವಾದರೆ ಪಿಡಿಎಫ್‌-ಎ ಮಾಡಿ. ಅದರಲ್ಲಿ ಫಾಂಟ್ ಫೈಲಿನೊಳಗೇ ಇರುತ್ತದೆ. ಪಕ್ಕದಲ್ಲಿ ಮೂಲ ಫೈಲನ್ನೂ ಫಾಂಟನ್ನೂ ಹಾಗೇ ಇಡಿ, ನಾಳೆ ಇನ್ನೂ ಒಳ್ಳೆಯ ಪರಿವರ್ತಕ ಬಂದರೆ ಬೇಕಾಗುತ್ತದೆ.

ಆ ಫೋಲ್ಡರಿನಲ್ಲೇ ಒಂದು ಸಾದಾ ಪಠ್ಯದ ಫೈಲು ಇಡಿ. ಇದು ಯಾವ ತಂತ್ರಾಂಶದ ಯಾವ ಆವೃತ್ತಿಯದು, ಫಾಂಟಿನ ಹೆಸರೇನು, ಯಾವುದರಿಂದ ಪರಿವರ್ತಿಸಿದಿರಿ, ಯಾವ ಪುಟದವರೆಗೆ ತಾಳೆ ನೋಡಿದ್ದೀರಿ ಎಂದು ಕನ್ನಡದಲ್ಲೇ ಬರೆಯಿರಿ. ಟೈಪ್ ಮಾಡಿದವರು ಊರಲ್ಲಿದ್ದರೆ ಈ ವಾರವೇ ಅವರಿಗೆ ಫೋನ್ ಮಾಡಿ ಫಾಂಟಿನ ಹೆಸರು ಕೇಳಿ.